ಬಣ್ಣದಲ್ಲಿ, ಮೂವತ್ತು ಶಿಲಿಂಗು

ಕಿಸುಮುವಿನ ಕಿಬೂಯೆ ಸಂತೆಯಲ್ಲಿ
ಒಣಮೀನಿನ ಸಾಲು ಮುಗಿಯುವ ಕಡೆ
ನನ್ನದೊಂದು ತಗಡಿನ ಅಂಗಡಿ.
ಒಂದು ಪ್ರಿಂಟರು, ಒಂದು ಸ್ಟೇಪ್ಲರು, ನಾನು.
ಕರೆಂಟು ಹೋದರೆ ಸ್ಟೇಪ್ಲರಿಗೊಂದೇ ಕೆಲಸ.
ಪುಟಕ್ಕೆ ಹತ್ತು ಶಿಲಿಂಗು, ಬಣ್ಣಕ್ಕಾದರೆ ಮೂವತ್ತು.

ಕೆಲಸ ಸಿಕ್ಕವರು ಬಣ್ಣದಲ್ಲೇ ಕೇಳುತ್ತಾರೆ.

ಇವತ್ತು ಒಬಾಲಾ ಬಂದ.
ಲೆಕ್ಕಪತ್ರದ ಡಿಪ್ಲೊಮಾ, ನಾಲ್ಕು ವರ್ಷದಿಂದ
ಬೈಕಿನ ಹಿಂದೆ ಊರನ್ನೇ ಹೊತ್ತು ತಿರುಗುವವನು.
ಹೆಲ್ಮೆಟ್ಟು ಮೊಣಕೈಗೆ ನೇತುಹಾಕಿ, ಫೋನು ಒರೆಸಿ,
ಹೂವು ಕೊಟ್ಟ ಹಾಗೆ ಕೊಟ್ಟ.
ಮನೆಯಿಂದಲೇ ಕೆಲಸ, ಅವೂರಕ್ಕ. ದಿನಕ್ಕೆ ಮೂರೇ ತಾಸು.
ತಿಂಗಳಿಗೆ ಒಂದು ಲಕ್ಷ ನಲವತ್ತು ಸಾವಿರ.
ಅಮ್ಮನಿಗೆ ತೋರಿಸಬೇಕು, ಕಾಗದದಲ್ಲಿ.

ಪ್ರಿಂಟರು ಕರಕರ ಎಂದಿತು.
ಮೊದಲು ನೀಲಿ ಹಕ್ಕಿಯ ಲಾಂಛನ,
ಆಮೇಲೆ ಅಭಿನಂದನೆಗಳು, ಪಕ್ಕದಲ್ಲಿ ಮೂರು ಉದ್ಗಾರ
ಮೊಳೆ ಹೊಡೆದಂತೆ ಸಾಲಾಗಿ.
ಅವನ ಹೆಸರಿನ ಅಕ್ಷರ ಮಾತ್ರ ಬೇರೆ ಅಳತೆಯದು,
ಹಳೇ ಅಂಗಿಗೆ ಹಾಕಿದ ತೇಪೆ.
ಕಡೆಗೆ, ಕೆಳಗೆ, ಆ ಸಹಿ.

ನನಗೆ ಗೊತ್ತು ಆ ಸಹಿ.
ಬಾಲ ಗಾಳದ ಕೊಕ್ಕೆಯಂತೆ ಮೇಲಕ್ಕೆ ಬಾಗಿದ್ದು.
ಈಸ್ಟರಿಗೆ ಅದು ಟೊರಾಂಟೊದ ತೈಲ ಕಂಪನಿ,
ಜೂನಿನಲ್ಲಿ ಡಬ್ಲಿನ್ನಿನ ಆಸ್ಪತ್ರೆ,
ಇವತ್ತು ಮೆಲ್ಬರ್ನು.
ಮನುಷ್ಯ ಬೇಗ ಬೇಗ ಕೆಲಸ ಬದಲಿಸುತ್ತಾನೆ.

ಯಾರು ಸಂದರ್ಶನ ಮಾಡಿದರು, ಕೇಳಿದೆ.
ಚಾಟಿನಲ್ಲಿ ಅಕ್ಕ, ಹನ್ನೊಂದು ನಿಮಿಷ.
ಮುಖ? ಇಲ್ಲ. ದನಿ? ಇಲ್ಲ.
ನನ್ನ ಇಂಗ್ಲಿಷನ್ನು ಬಹಳ ಹೊಗಳಿದರು.
ಲ್ಯಾಪ್‌ಟಾಪು ಕಳಿಸುತ್ತಾರಂತೆ, ಅದರ ವಿಮೆಗೆ
ನಾನು ಮೊದಲು ಆರೂವರೆ ಸಾವಿರ ಕಟ್ಟಬೇಕು,
ಸಂಜೆ ಆರರೊಳಗೆ.

ಕೂಸು ಹುಟ್ಟುವ ಮುಂಚೆ ಕುಲಾವಿ.
ಅದೂ ಹೊಲಿಯುವವನ ಅಂಗಡಿ ಯಾರೂ ಕಂಡಿಲ್ಲ.

ಹೋದ ವರ್ಷ ನ್ಯಾಬೋಕೆಗೆ ಬಾಯಿಬಿಟ್ಟು ಹೇಳಿದ್ದೆ.
ನಿನಗೆ ಹೊಟ್ಟೆಕಿಚ್ಚು ಎಂದಳು,
ಪಕ್ಕದಂಗಡಿಯಲ್ಲಿ ಪ್ರಿಂಟು ತೆಗೆಸಿದಳು.
ಹೊಲಿಗೆಯಂತ್ರ ಮಾರಿದ್ದು ಬೇರೆಯವರಿಂದ ಗೊತ್ತಾಯಿತು.
ಈಗಲೂ ಜೆರಾಕ್ಸಿಗೆ ಬರುತ್ತಾಳೆ,
ಚಿಲ್ಲರೆ ಎಣಿಸಿ ಇಡುತ್ತಾಳೆ.
ಆ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ನನ್ನಪ್ಪ ಓಮೆನಾ ಹಿಡಿಯುತ್ತಿದ್ದ,
ಬೆರಳುದ್ದದ ಬೆಳ್ಳಿಮೀನು.
ಕತ್ತಲ ರಾತ್ರಿ ಸರೋವರದ ಮೇಲೆ
ಲಾಟೀನು ತೇಲಿಬಿಟ್ಟು ಕಾಯುತ್ತಿದ್ದ.
ದಡದಿಂದ ನೋಡಿದರೆ ನೀರಿನೊಳಗೊಂದು ಪಟ್ಟಣ.
ಮೀನಿಗೆ ಬುದ್ಧಿಯಿಲ್ಲವಾ ಅಪ್ಪ, ಅಂದಿದ್ದೆ ಒಮ್ಮೆ.
ಬುದ್ಧಿಗೇನು ಕಡಿಮೆ ಮಗಳೇ,
ಹುಣ್ಣಿಮೆಯ ರಾತ್ರಿ ಒಂದೂ ಬರುವುದಿಲ್ಲ,
ಅಂದಿದ್ದ, ಬಲೆ ಝಾಡಿಸುತ್ತ.

ಈ ಊರಿಗೆ ಎಷ್ಟು ವರ್ಷದಿಂದ ಅಮಾವಾಸ್ಯೆ.

ಮೇಜಿನಡಿಯಿಂದ ಕೆಟ್ಟ ಪ್ರತಿಗಳ ಕಟ್ಟು ತೆಗೆದೆ,
ಇಂಕು ಸೋರಿದವು, ಓರೆಯಾದವು.
ಅವುಗಳಲ್ಲಿ ನಾಲ್ಕು ಕಾಗದ ಹುಡುಕಿ
ಅವನದರ ಮೇಲೆ ಒಂದೊಂದಾಗಿ ಇಟ್ಟು
ಬಾಗಿಲ ಬಿಸಿಲಿಗೆ ಹಿಡಿದೆ.
ಹಕ್ಕಿಗಳು ಹೊಂದಲಿಲ್ಲ, ಹೆಸರುಗಳು ಹೊಂದಲಿಲ್ಲ.
ಸಹಿ ಮಾತ್ರ ಕೂದಲೆಳೆಯೂ ಆಚೀಚೆ ಇಲ್ಲದೆ
ಐದೂ ಕೂಡಿ ಒಂದೇ.
ನನ್ನ ಸಹಿಯೇ ನನಗೆ ಎರಡನೇ ಸಲ
ಹಾಗೆ ಬರುವುದಿಲ್ಲ.
ಬ್ಯಾಂಕಿನವರು ಬೈಯುತ್ತಾರೆ.

ನಾನೇನೂ ಹೇಳಲಿಲ್ಲ.
ಅವನು ಬಹಳ ಹೊತ್ತು ನೋಡಿದ,
ಕಾಗದವನ್ನೋ, ಅದರಾಚೆಯ ಬಿಸಿಲನ್ನೋ.
ಎಷ್ಟಾಯಿತು ಅಂದ. ಬೇಡ ಅಂದೆ.
ಮೂವತ್ತು ಎಣಿಸಿ ಇಟ್ಟೇ ಹೋದ,
ತನ್ನ ಕಾಗದ ನಾಲ್ಕಾಗಿ ಮಡಿಸಿ, ಎದೆಜೇಬಿನಲ್ಲಿ.

ಆಗ ಗಂಟೆ ಐದಕ್ಕೆ ಕಾಲು.
ಬೈಕು ಯಾವ ಕಡೆ ತಿರುಗಿತೋ ನೋಡಲಾಗಲಿಲ್ಲ.
ಮುಂದಿನ ಹುಡುಗಿ ಆಗಲೇ ಫೋನು ಚಾಚಿದ್ದಳು,
ಪರದೆಯ ಬೆಳಕು ಅವಳ ಗಲ್ಲದ ಮೇಲೆ:
ಬಣ್ಣದಲ್ಲಿ, ಅಕ್ಕ.